ಹಳ್ಳವೇ ದಾರಿಯಾದ ಕಮರಿಯಲ್ಲಿ: ಕ್ಯಾನ್ಯನ್ ಡಿ ಶೇ ಒಳಗೆ ಜೀಪು ಓಡಿಸುವವರಿಗೆ

ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನೆಲದಲ್ಲಿ, ಚಿನ್ಲಿ ಎಂಬ ಸಣ್ಣ ಊರಿದೆ. ನವಾಹೊ ಭಾಷೆಯಲ್ಲಿ ಆ ಹೆಸರಿಗೆ ‘ನೀರು ಹೊರಕ್ಕೆ ಹರಿದುಬರುವ ಜಾಗ’ ಎಂದರ್ಥ. ಊರಿನ ಪೂರ್ವಕ್ಕೆ ಬಾಯಿ ತೆರೆದಿರುವ ಕ್ಯಾನ್ಯನ್ ಡಿ ಶೇ ಎಂಬ ಕಮರಿಯೊಳಗೆ ವಾಹನ ಓಡಿಸಬೇಕೆಂದು ಹೊರಟವರು ಎಲ್ಲಕ್ಕಿಂತ ಮೊದಲು ಈ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಅಲ್ಲಿ ದಾರಿ ಬೇರೆ, ಹಳ್ಳ ಬೇರೆ ಎಂಬುದಿಲ್ಲ. ಹಳ್ಳದ ಪಾತ್ರವೇ ದಾರಿ. ನಿನ್ನೆ ಚಕ್ರ ಉರುಳಿದ ಜಾಡಿನಲ್ಲಿ ಇಂದು ನೀರಿರಬಹುದು, ಇಂದು ಗಟ್ಟಿಯಾಗಿದ್ದ ಮರಳು ನಾಳೆ ವಾಹನವನ್ನು ನುಂಗಲು ಕಾದಿರಬಹುದು. ಕಮರಿಯ ಬಾಯಲ್ಲಿ ಸುಮಾರು 30 ಅಡಿಯಷ್ಟೇ ಎತ್ತರವಿರುವ ಕೆಂಪು ಬಂಡೆಗೋಡೆಗಳು ಒಳಹೋದಂತೆ 1000 ಅಡಿಯವರೆಗೆ ಏಳುತ್ತವೆ. ಅಲ್ಲಿ ಪಕ್ಕಕ್ಕೆ ತಿರುಗಿ ಪಾರಾಗುವ ಜಾಗಗಳು ಕಡಿಮೆ.

ಫೀನಿಕ್ಸ್, ಲಾಸ್ ಏಂಜಲೀಸ್‌ಗಳ ಸುತ್ತ ನೆಲೆಸಿರುವ ಕನ್ನಡಿಗರು, ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಗ್ರ್ಯಾಂಡ್ ಕ್ಯಾನ್ಯನ್ ನೋಡಿ, ಅಲ್ಲಿಂದ ಇತ್ತ ಬರುವುದುಂಟು. ಅವರಿಗೂ, ಮರಳಿನಲ್ಲಿ ವಾಹನ ಓಡಿಸಿ ರೂಢಿಯಿಲ್ಲದ ಬೇರೆಯವರಿಗೂ ಉಪಯೋಗವಾಗಲೆಂದು, ಮಾಡಬೇಕಾದ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲು ಅನುಮತಿ, ಆಮೇಲೆ ವಾಹನ

ಬಹಳ ಮಂದಿ ವಾಹನದಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ನೆಲದ ಒಡೆಯರಿಂದ. ಕ್ಯಾನ್ಯನ್ ಡಿ ಶೇ 1931ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದರೂ ಅಲ್ಲಿನ ನೆಲ ನವಾಹೊ ಜನರದ್ದಾಗಿಯೇ ಉಳಿದಿದೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯು ನವಾಹೊ ಆಡಳಿತದ ಜೊತೆಗೂಡಿ ಅದನ್ನು ನೋಡಿಕೊಳ್ಳುತ್ತದೆ. ಕಮರಿಯ ತಳದಲ್ಲಿ ಇಂದಿಗೂ ನವಾಹೊ ಕುಟುಂಬಗಳು ಮೆಕ್ಕೆಜೋಳ ಬೆಳೆಯುತ್ತವೆ, ಕುರಿ ಮೇಯಿಸುತ್ತವೆ. ಹಾಗಾಗಿ ತಳಕ್ಕೆ ಇಳಿಯಲು ಎರಡು ಸಂಗತಿಗಳು ಕಡ್ಡಾಯ: ಒಂದು ಪರವಾನಗಿ ಚೀಟಿ, ಇನ್ನೊಂದು ಅಧಿಕೃತ ನವಾಹೊ ಮಾರ್ಗದರ್ಶಕರ ಜೊತೆ. ಎಂಥ ಬಲಶಾಲಿ ವಾಹನವಿದ್ದರೂ, ಎಷ್ಟು ವರ್ಷಗಳ ಅನುಭವವಿದ್ದರೂ ಇದಕ್ಕೆ ರಿಯಾಯಿತಿಯಿಲ್ಲ, ಇರಲೂ ಬಾರದು.

ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳುವಾಗ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಬಿಡಿ. ಹಲವರು ತಮ್ಮದೇ ಜೀಪಿನಲ್ಲಿ ಮಾತ್ರ ಕರೆದೊಯ್ಯುತ್ತಾರೆ. ನಿಮ್ಮ ವಾಹನದಲ್ಲಿ ಪಕ್ಕದಲ್ಲಿ ಕುಳಿತು ದಾರಿ ಹೇಳಲು ಒಪ್ಪುವವರು ಕೆಲವರಷ್ಟೇ, ಅವರೂ ವಾಹನದ ಬಗೆಯನ್ನು, ಆ ವಾರದ ನೀರಿನ ಮಟ್ಟವನ್ನು ನೋಡಿಕೊಂಡು ಒಪ್ಪುತ್ತಾರೆ. ಅವರು ಬೇಡವೆಂದರೆ ವಾದಿಸಬೇಡಿ. ಮರಳಿನಲ್ಲಿ ಹಿಂದೆಂದೂ ಓಡಿಸದವರು ಅವರ ಜೀಪಿನಲ್ಲಿಯೇ ಹೋಗುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರ ಕೈ ಸ್ಟೇರಿಂಗ್ ಮೇಲೆ ಹೇಗಿರುತ್ತದೆ, ಕಾಲು ಯಾವಾಗ ಹಗುರವಾಗುತ್ತದೆ ಎಂಬುದನ್ನು ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿದರೆ ಸಿಗುವ ಪಾಠ ಬೇರೆಲ್ಲಿಯೂ ಸಿಗುವುದಿಲ್ಲ.

ತಾವೇ ಓಡಿಸಬೇಕೆಂಬ ಆಸೆಯಿರುವವರಿಗೆ ಅಭ್ಯಾಸಕ್ಕೆ ತಕ್ಕ ಜಾಗ ಮಾನ್ಯುಮೆಂಟ್ ವ್ಯಾಲಿ. ಚಿನ್ಲಿಯಿಂದ ಕಾಯೆಂಟಾ ದಾಟಿ ಸುಮಾರು ಎರಡು ಗಂಟೆಯ ಪ್ರಯಾಣ. ಅದು 1958ರಲ್ಲಿ ನವಾಹೊ ಜನರೇ ಸ್ಥಾಪಿಸಿಕೊಂಡ ಉದ್ಯಾನ. ಅಲ್ಲಿ 17 ಮೈಲಿ, ಅಂದರೆ ಸುಮಾರು 27 ಕಿಲೋಮೀಟರ್ ಉದ್ದದ ಮಣ್ಣುರಸ್ತೆಯ ಸುತ್ತನ್ನು ಪ್ರವೇಶ ಶುಲ್ಕ ಕೊಟ್ಟು ಮಾರ್ಗದರ್ಶಕರಿಲ್ಲದೆಯೇ ಸುತ್ತಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಇಲ್ಲಿ ನಡೆಯುವುದಿಲ್ಲ. ಮೋಟಾರ್‌ಸೈಕಲ್‌ಗಳಿಗೂ ಮನೆಯಷ್ಟು ದೊಡ್ಡದಾದ ಪ್ರವಾಸಿ ವಾಹನಗಳಿಗೂ ಆ ಸುತ್ತಿನಲ್ಲಿ ಪ್ರವೇಶವಿಲ್ಲ. ಸ್ವಾಗತ ಕೇಂದ್ರದಿಂದ ಕೆಳಗಿಳಿಯುವ ಮೊದಲ ಇಳಿಜಾರೇ ಎಲ್ಲಕ್ಕಿಂತ ಕೊರಕಲಾದದ್ದು. ಅದನ್ನು ಕಡಿಮೆ ಗೇರಿನಲ್ಲಿ, ಬ್ರೇಕನ್ನು ತೀರ ಕಡಿಮೆ ಬಳಸಿ ಇಳಿಯುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಆದರೆ ಗುರುತು ಮಾಡಿದ ಆ ಸುತ್ತನ್ನು ಬಿಟ್ಟು ಕವಲುದಾರಿಗೆ ಇಳಿಯಬಾರದು. ಆ ದಾರಿಗಳು ಯಾರದೋ ಮನೆಯಂಗಳಕ್ಕೆ ಹೋಗುವಂಥವು. ಮಿಸ್ಟರಿ ವ್ಯಾಲಿ, ಹಂಟ್ಸ್ ಮೇಸಾಗಳಂಥ ಒಳಭಾಗಗಳಿಗೆ ಅಲ್ಲಿಯೂ ಮಾರ್ಗದರ್ಶಕರು ಬೇಕೇ ಬೇಕು.

ಕಾಲ ಮತ್ತು ಗಡಿಯಾರ

ಕ್ಯಾನ್ಯನ್ ಡಿ ಶೇ ಹಳ್ಳದ ನೀರು ಪೂರ್ವದ ಚುಸ್ಕಾ ಬೆಟ್ಟಗಳಿಂದ ಬರುತ್ತದೆ. ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ ವಸಂತದಲ್ಲಿ ಕರಗುವಾಗ ಹಳ್ಳ ತುಂಬಿ, ತಳದ ದಾರಿ ಎಷ್ಟೋ ದಿನ ವಾಹನಗಳಿಗೆ ನಿಲುಕುವುದಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆಗಳ ಕಾಲ. ಈ ಎರಡರ ನಡುವಿನ ಮೇ ಕೊನೆ, ಜೂನ್ ತಿಂಗಳುಗಳು ಬಿಸಿಲಿನವಾದರೂ ಸಾಮಾನ್ಯವಾಗಿ ಒಣಗಿರುತ್ತವೆ. ನನಗೆ ಹೆಚ್ಚು ಇಷ್ಟವಾದದ್ದು ಅಕ್ಟೋಬರ್. ಹಳ್ಳದ ದಂಡೆಯ ಕಾಟನ್‌ವುಡ್ ಮರಗಳು ಆಗ ಅರಿಸಿನದ ಬಣ್ಣಕ್ಕೆ ತಿರುಗಿರುತ್ತವೆ, ಮರಳೂ ಒಂದಿಷ್ಟು ಬಿಗಿಯಾಗಿರುತ್ತದೆ. ಈ ಪ್ರದೇಶವೆಲ್ಲ ಸಮುದ್ರಮಟ್ಟದಿಂದ 5000 ಅಡಿಗೂ ಎತ್ತರದಲ್ಲಿರುವುದರಿಂದ ರಾತ್ರಿಯ ಚಳಿಗೆ ಬೆಚ್ಚನೆಯ ಬಟ್ಟೆ ಇರಲಿ.

ಗಡಿಯಾರದ ವಿಷಯ ಸಣ್ಣದೆನಿಸಬಹುದು, ಆದರೆ ಅದರಿಂದ ಇಡೀ ದಿನ ಕೈತಪ್ಪುವುದುಂಟು. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದಿಲ್ಲ. ನವಾಹೊ ನೆಲದಲ್ಲಿ ಮುಂದಿಡುತ್ತಾರೆ. ಆದ್ದರಿಂದ ಮಾರ್ಚ್‌ನಿಂದ ನವೆಂಬರ್‌ವರೆಗೆ ಫೀನಿಕ್ಸ್‌ನಲ್ಲಿ ಬೆಳಗಿನ ಎಂಟಾಗಿದ್ದರೆ ಚಿನ್ಲಿಯಲ್ಲಿ ಒಂಬತ್ತು. ನಡುವೆ ಸಿಗುವ ಹೋಪಿ ಜನರ ನೆಲದಲ್ಲಿ ಮತ್ತೆ ಎಂಟು. ಫೋನು ಯಾವ ಗೋಪುರದ ಸಂಕೇತ ಹಿಡಿಯುತ್ತದೆಯೋ ಆ ಸಮಯವನ್ನು ತೋರಿಸುವುದರಿಂದ, ಕೈಗಡಿಯಾರವನ್ನು ನವಾಹೊ ಸಮಯಕ್ಕೆ ತಿರುಗಿಸಿಟ್ಟುಕೊಂಡು ಅದನ್ನೇ ನಂಬಿ.

ವಾಹನವನ್ನು ಆರಿಸುವುದು

ಬಾಡಿಗೆ ಕಾರು ತೆಗೆದುಕೊಳ್ಳುವವರು ಒಪ್ಪಂದದ ಸಣ್ಣಕ್ಷರದ ಪುಟಗಳನ್ನು ಕುಳಿತು ಓದಬೇಕು. ಟಾರು ಇಲ್ಲದ ರಸ್ತೆಯಲ್ಲಿ ಓಡಿಸಿದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಅಲ್ಲಿರುತ್ತದೆ. ನೋಡಲು ಜೀಪಿನಂತಿರುವ ವಾಹನಗಳೆಲ್ಲ ಮರಳಿಗೆ ತಕ್ಕವಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗಬೇಕು, ಕಡಿಮೆ ವೇಗದ ಪ್ರತ್ಯೇಕ ಗೇರ್ ಇರಬೇಕು, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, ಚೆನ್ನಾಗಿರಬೇಕು. ಸ್ಟೆಪ್ನಿಯನ್ನು ಹೊರತೆಗೆದು ನೋಡಿ. ಹಲವು ಬಾಡಿಗೆ ಕಾರುಗಳಲ್ಲಿ ಅದು ತೆಳ್ಳಗಿನ ತಾತ್ಕಾಲಿಕ ಚಕ್ರವಾಗಿರುತ್ತದೆ, ಮರಳಿನಲ್ಲಿ ಅದು ಪ್ರಯೋಜನಕ್ಕೆ ಬಾರದು.

ಜೊತೆಗೆ ಒಯ್ಯಬೇಕಾದವು: ಟೈರಿನ ಗಾಳಿ ಅಳೆಯುವ ಮಾಪಕ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು, ಸಲಿಕೆ, ಜಾಕಿಯ ಕೆಳಗಿಡಲು ಅಗಲವಾದ ಹಲಗೆ, ಚಕ್ರದಡಿ ಇಡುವ ಒಂದು ಜೊತೆ ಪಟ್ಟಿಗಳು, ಎಳೆಯಲು ಹಿಗ್ಗುವ ಪಟ್ಟಿ, ತಲೆಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರಿನಂತೆ ನೀರು, ಕಾಗದದ ನಕ್ಷೆ. ನಕ್ಷೆ ಏಕೆಂದರೆ ಕಮರಿಯ ಗೋಡೆಗಳ ನಡುವೆ ಫೋನು ಕೆಲಸ ಮಾಡುವುದಿಲ್ಲ. ನೀರಿನ ವಿಷಯದಲ್ಲಿ ಇನ್ನೊಂದು ಮಾತು. ನವಾಹೊ ನೆಲದ ಎಷ್ಟೋ ಮನೆಗಳಿಗೆ ಇಂದಿಗೂ ನಲ್ಲಿ ನೀರಿಲ್ಲ. ಕುಟುಂಬಗಳು ಪಿಕಪ್ ಟ್ರಕ್ಕಿನಲ್ಲಿ ದೊಡ್ಡ ತೊಟ್ಟಿ ಇಟ್ಟುಕೊಂಡು ಮೈಲುಗಟ್ಟಲೆ ದೂರದಿಂದ ನೀರು ತರುತ್ತವೆ. ದಾರಿಯ ಮನೆಯಲ್ಲಿ ಕೇಳಿ ತುಂಬಿಸಿಕೊಳ್ಳೋಣವೆಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಮದ್ಯ ನವಾಹೊ ನೆಲದಲ್ಲೆಲ್ಲ ನಿಷಿದ್ಧ. ಡಿಕ್ಕಿಯಲ್ಲಿ ಮುಚ್ಚಿಟ್ಟು ಒಯ್ಯುವುದೂ ತಪ್ಪೇ.

ಗಾಳಿ ಇಳಿಸುವುದು, ಮರಳಿಗೆ ಇಳಿಯುವುದು

ಹಿಂದಿನ ಸಂಜೆ ಕಮರಿಯ ದಕ್ಷಿಣ ಅಂಚಿನ ಟಾರು ರಸ್ತೆಯಲ್ಲಿ ಹೋಗಿ, ವೀಕ್ಷಣಾ ತಾಣಗಳಿಂದ ಕೆಳಗೆ ನೋಡಿ. ಈ ರಸ್ತೆಗೆ ಶುಲ್ಕವಿಲ್ಲ, ಮಾರ್ಗದರ್ಶಕರೂ ಬೇಡ. ಮೇಲಿನಿಂದ ನೋಡಿದಾಗ ವಾಹನಗಳ ಜಾಡು ಹಳ್ಳವನ್ನು ಎಲ್ಲೆಲ್ಲಿ ದಾಟುತ್ತದೆ, ನೀರು ಯಾವ ತಿರುವಿನಲ್ಲಿ ಮಿನುಗುತ್ತದೆ, ಹೊಲದ ಬೇಲಿಗಳು ಎಲ್ಲಿವೆ ಎಂಬುದೆಲ್ಲ ಅಂಗೈ ಮೇಲಿನ ಗೆರೆಯಂತೆ ಕಾಣುತ್ತದೆ. ಕೆಳಗಿಳಿದ ಮೇಲೆ ಆ ನೋಟ ಸಿಗುವುದಿಲ್ಲ.

ಮರುದಿನ ಕಮರಿಯ ಬಾಯಲ್ಲಿ, ಇನ್ನೂ ಗಟ್ಟಿನೆಲದ ಮೇಲಿರುವಾಗಲೇ ವಾಹನ ನಿಲ್ಲಿಸಿ ಟೈರುಗಳ ಗಾಳಿ ಇಳಿಸಬೇಕು. ಟಾರು ರಸ್ತೆಯಲ್ಲಿ 35 ಪಿಎಸ್‌ಐ ಇರುವ ಟೈರನ್ನು 18ರಿಂದ 20ಕ್ಕೆ ತಂದರೆ ಅದು ನೆಲಕ್ಕೆ ಉದ್ದವಾಗಿ ಹರಡಿಕೊಂಡು ನಿಲ್ಲುತ್ತದೆ. ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚಕ್ರ ಮರಳನ್ನು ಕೊರೆಯದೆ ಅದರ ಮೇಲೆಯೇ ಸಾಗುತ್ತದೆ. ಒಂಟೆಯ ಪಾದ ಮರಳಿನಲ್ಲಿ ಹೂಳದಿರುವುದೂ ಇದೇ ಕಾರಣಕ್ಕೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ.

ನಾಲ್ಕು ಚಕ್ರಗಳ ಶಕ್ತಿಯನ್ನು ಮರಳಿನಲ್ಲಿ ಸಿಕ್ಕಿಬಿದ್ದ ಮೇಲಲ್ಲ, ಮರಳು ಸಿಗುವ ಮೊದಲೇ ಹಾಕಿಕೊಳ್ಳಬೇಕು. ಸಾಮಾನ್ಯ ಮರಳಿಗೆ ಹೆಚ್ಚು ವೇಗದ ಶ್ರೇಣಿ ಸಾಕು. ಆಳವಾದ ಮರಳಿಗೂ ಏರಿಗೂ ಕಡಿಮೆ ವೇಗದ ಶ್ರೇಣಿ. ಚಕ್ರ ಜಾರಿದರೆ ತಾನಾಗಿಯೇ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆಯನ್ನು ಆಳವಾದ ಮರಳಿನಲ್ಲಿ ನಿಲ್ಲಿಸುವುದು ಲೇಸು, ಇಲ್ಲದಿದ್ದರೆ ಬಲ ಬೇಕಾದ ಕ್ಷಣದಲ್ಲಿಯೇ ಅದು ಬಲವನ್ನು ಕಡಿದುಬಿಡುತ್ತದೆ. ಮುಂದಿನ ವಾಹನದ ಜಾಡಿನಲ್ಲಿಯೇ, ಒಂದೇ ಸಮನಾದ ವೇಗದಲ್ಲಿ ಸಾಗಿ. ಗೇರ್ ಬದಲಿಸುವಾಗಲೂ ತಿರುಗಿಸುವಾಗಲೂ ಓಟ ಕಡಿಯಬಾರದು. ಸ್ಟೇರಿಂಗನ್ನು ಹಿಡಿಯುವಾಗ ಹೆಬ್ಬೆರಳುಗಳು ಚಕ್ರದ ಒಳಗೆ ಸೇರದೆ ಹೊರಗಡೆಯೇ ಇರಲಿ, ಏಕೆಂದರೆ ಮರಳಿನಡಿಯ ಕಲ್ಲು ತಗುಲಿದಾಗ ಸ್ಟೇರಿಂಗ್ ತಾನೇ ಗಿರಕ್ಕನೆ ತಿರುಗಿ ಬೆರಳು ಮುರಿಯಬಹುದು.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ನಾನು ಮೊದಲ ದಿನ ಮಾಡಿದ ತಪ್ಪು ಇಲ್ಲಿಯೇ. ಎದುರಿಗೆ ನಾಲ್ಕು ಕುದುರೆಗಳು ದಾರಿಗೆ ಅಡ್ಡ ಬಂದಾಗ, ಟಾರು ರಸ್ತೆಯ ಅಭ್ಯಾಸದಂತೆ ಬ್ರೇಕನ್ನು ಬಲವಾಗಿ ಒತ್ತಿದೆ. ಮುಂದಿನ ಎರಡೂ ಚಕ್ರಗಳು ತಮ್ಮ ಮುಂದೆ ಮೊಣಕಾಲೆತ್ತರದ ಮರಳುಗುಪ್ಪೆಯನ್ನು ತಾವೇ ಒಟ್ಟಿಕೊಂಡು ನಿಂತವು. ಮರಳಿನಲ್ಲಿ ಕಾಲನ್ನು ಎಕ್ಸಲರೇಟರ್‌ನಿಂದ ತೆಗೆದರೆ ಸಾಕು, ಗಾಡಿ ತಾನೇ ನಿಲ್ಲುತ್ತದೆ. ಸಾಧ್ಯವಾದರೆ ಮೂತಿ ಇಳಿಜಾರಿನ ಕಡೆಗಿರುವಂತೆ ನಿಲ್ಲಿಸಿದರೆ ಮತ್ತೆ ಹೊರಡುವುದು ಸುಲಭ.

ನೀರು ದಾಟುವುದು

ಮೊದಲ ನೀರಿನ ಹತ್ತಿರ ನಮ್ಮ ಮಾರ್ಗದರ್ಶಕರು ಕೈ ಎತ್ತಿ ನಿಲ್ಲಿಸಲು ಹೇಳಿ ತಾವು ಇಳಿದರು. ನೀರು ಪಾದ ಮುಳುಗುವಷ್ಟೇ ಇತ್ತು. ನಾನಾಗಿದ್ದರೆ ಯೋಚಿಸದೆ ನುಗ್ಗಿಸುತ್ತಿದ್ದೆ. ಅವರು ಒಂದು ಒಣಕೋಲು ಹಿಡಿದು ಅಡ್ಡಡ್ಡವಾಗಿ ನಡೆದರು, ಒಂದು ಕಡೆ ನಿಂತು ಹಿಮ್ಮಡಿಯಿಂದ ಮರಳನ್ನು ಎರಡು ಸಲ ಒತ್ತಿದರು. ಸುತ್ತಲಿನ ಒಂದು ಗಜದಷ್ಟು ಮರಳು ಪೂರ್ತಿ ಹೆಪ್ಪಾಗದ ಮೊಸರಿನಂತೆ ಅಲುಗಿತು. ಅದು ಹೂಳುಮರಳು. ಕೆಳಗಿನಿಂದ ಒಸರುವ ನೀರು ಮರಳಿನ ಕಣಗಳನ್ನು ಒಂದಕ್ಕೊಂದು ತಾಗದಂತೆ ಎತ್ತಿ ಹಿಡಿದಿರುತ್ತದೆ. ಮೇಲೆ ನುಣುಪಾಗಿ, ಹೊಳಪಾಗಿ, ನೋಡಲು ಬಲು ಗಟ್ಟಿಯಾಗಿ ಕಾಣುತ್ತದೆ. ಅವರು ಹತ್ತು ಹೆಜ್ಜೆ ಮೇಲಕ್ಕೆ ಹೋಗಿ, ನೀರು ಸಣ್ಣ ಸಣ್ಣ ಅಲೆಯಾಗಿ ಮುರಿಯುತ್ತಿದ್ದ ಕಡೆ ಕೋಲು ನೆಟ್ಟರು. ಅಲೆ ಎದ್ದಿರುವಲ್ಲಿ ಕೆಳಗೆ ಜಲ್ಲಿಯಿದೆ, ದಾಟಬೇಕಾದದ್ದು ಅಲ್ಲಿ.

ಹಾಗಾಗಿ ಕ್ರಮ ಇದು: ಮೊದಲು ನಿಲ್ಲಿಸಿ, ಮಾರ್ಗದರ್ಶಕರು ನಡೆದು ನೋಡಲಿ, ಎದುರುದಂಡೆಯಲ್ಲಿ ಏರಿಹೋಗುವ ಜಾಗವನ್ನು ಕಣ್ಣಿನಲ್ಲಿ ಗುರುತಿಟ್ಟುಕೊಂಡು ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಒಂದೇ ಓಟದಲ್ಲಿ ದಾಟಿ. ಹರಿಯುವ ನೀರಿನ ನಡುವೆ ಯಾವ ಕಾರಣಕ್ಕೂ ನಿಲ್ಲಬೇಡಿ. ನಿಂತ ಚಕ್ರದ ಸುತ್ತಲಿನ ಮರಳನ್ನು ನೀರು ಕೊರೆದು ಒಯ್ಯುತ್ತದೆ, ನೋಡನೋಡುತ್ತಿರುವಂತೆಯೇ ಗಾಡಿ ಇಳಿಯತೊಡಗುತ್ತದೆ. ಫೋಟೊ ತೆಗೆಯಲು ನೀರಿನ ನಡುವೆ ನಿಲ್ಲಿಸಬಾರದೆಂಬುದನ್ನು ಮಕ್ಕಳಿಗೂ ಮೊದಲೇ ಹೇಳಿಡಿ. ದಾಟಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು.

ಇನ್ನು ದಿಢೀರ್ ಪ್ರವಾಹದ ಮಾತು. 1997ರ ಆಗಸ್ಟ್ 12ರಂದು ಇದೇ ನವಾಹೊ ನೆಲದಲ್ಲಿ, ಪೇಜ್ ಪಟ್ಟಣದ ಹತ್ತಿರ, ಲೋಯರ್ ಆಂಟಿಲೋಪ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕಮರಿಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಆ ನೀರನ್ನು ತಂದ ಮಳೆ ಬಿದ್ದದ್ದು ಅವರು ನಿಂತ ಜಾಗದಲ್ಲಲ್ಲ, ಮೈಲುಗಳಾಚೆ ಮೇಲಿನ ಬಯಲಿನಲ್ಲಿ. ಆದ್ದರಿಂದ ತಲೆಯ ಮೇಲಿನ ಆಕಾಶ ನೀಲಿಯಾಗಿದೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ; ನೋಡಬೇಕಾದದ್ದು ಪೂರ್ವದ ಬೆಟ್ಟಗಳ ಮೇಲಿನ ಆಕಾಶವನ್ನು, ಮತ್ತು ಅದನ್ನು ತಳದಿಂದ ನೋಡಲಾಗದು. ಬೆಳಿಗ್ಗೆ ಹೊರಡುವ ಮುನ್ನ ಹವಾಮಾನ ವರದಿಯನ್ನು ಇಡೀ ಜಲಾನಯನಕ್ಕೆ ಓದಿಕೊಳ್ಳಿ, ಮಳೆಗಾಲದಲ್ಲಿ ಮಧ್ಯಾಹ್ನದೊಳಗೆ ಹೊರಬನ್ನಿ. ತಿಳಿಯಾಗಿದ್ದ ನೀರು ಕೆಂಪಗಾದರೆ, ನೊರೆಯೂ ಕಡ್ಡಿಕಸವೂ ತೇಲಿಬರತೊಡಗಿದರೆ, ದೂರದಿಂದ ರೈಲಿನಂಥ ಸದ್ದು ಕೇಳಿದರೆ ವಾಹನವನ್ನು ಉಳಿಸಿಕೊಳ್ಳುವ ಯೋಚನೆ ಬಿಡಿ. ಮಾರ್ಗದರ್ಶಕರು ತೋರಿದ ದಿಬ್ಬಕ್ಕೆ ಕಾಲ್ನಡಿಗೆಯಲ್ಲಿ ಹತ್ತಿ. ಎರಡು ಅಡಿ ಆಳದ ಹರಿವು ಸಾಮಾನ್ಯ ವಾಹನಗಳನ್ನೆಲ್ಲ ಎತ್ತಿಕೊಂಡು ಹೋಗಬಲ್ಲದು.

ಮಳೆ ನಿಂತ ಮೇಲೂ ಕಷ್ಟ ಮುಗಿಯುವುದಿಲ್ಲ. ಚಿನ್ಲಿ ಸುತ್ತಲಿನ ಬೂದು-ನೇರಳೆ ಬಣ್ಣದ ದಿಬ್ಬಗಳಲ್ಲಿ ಬೆಂಟೊನೈಟ್ ಎಂಬ ಜೇಡಿಯಿದೆ. ನೆನೆದರೆ ಉಬ್ಬಿ ಬೆಣ್ಣೆಯಂತೆ ಜಾರುತ್ತದೆ. ವಿಜಯಪುರ, ರಾಯಚೂರು ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನ ಕಾಲಿಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ; ಎರಡೂ ಮಣ್ಣುಗಳ ಉಬ್ಬುವ ಗುಣಕ್ಕೆ ಕಾರಣವಾದ ಖನಿಜ ಒಂದೇ ಜಾತಿಯದು. ಅಂಥ ರಸ್ತೆ ಒಣಗುವವರೆಗೆ ಕಾಯುವುದೊಂದೇ ಉಪಾಯ.

ಚಕ್ರ ಹೂತರೆ

ಚಕ್ರ ತಿರುಗಿಯೂ ಗಾಡಿ ಸಾಗದಿದ್ದರೆ ತಕ್ಷಣ ಕಾಲು ತೆಗೆಯಿರಿ. ಇನ್ನೊಂದು ಸಲ ಒತ್ತಿ ನೋಡೋಣ ಎಂಬ ಆತುರವೇ ಗಾಡಿಯ ಹೊಟ್ಟೆಯನ್ನು ಮರಳಿಗೆ ಕೂರಿಸುವುದು. ಮೊದಲು ಬಂದ ಜಾಡಿನಲ್ಲಿಯೇ ಹಿಂದಕ್ಕೆ ಹೋಗಲು ಮೆಲ್ಲಗೆ ಯತ್ನಿಸಿ. ಆಗದಿದ್ದರೆ ಟೈರಿನ ಗಾಳಿಯನ್ನು ಇನ್ನೂ ಎರಡು ಮೂರು ಪಿಎಸ್‌ಐ ಇಳಿಸಿ, ಪ್ರತಿ ಚಕ್ರದ ಮುಂದಿನ ಮರಳನ್ನು ಇಳಿಜಾರಾಗಿ ತೋಡಿ, ಅಚ್ಚಿನ ಕೆಳಗೆ ಸಿಕ್ಕಿಕೊಂಡ ಮರಳನ್ನೂ ತೆಗೆದು, ಪಟ್ಟಿಗಳನ್ನು ಚಕ್ರಕ್ಕೆ ಒತ್ತಿ ಇಟ್ಟು ನಿಧಾನವಾಗಿ ಹೊರಡಿ. ಕುದುರೆಗಳ ಮುಂದೆ ನಾನು ನಿಲ್ಲಿಸಿಕೊಂಡ ಗಾಡಿ ಹೊರಬಂದದ್ದು ಹೀಗೆಯೇ, ಇಪ್ಪತ್ತು ನಿಮಿಷದ ಸಲಿಕೆ ಕೆಲಸದಿಂದ. ಇನ್ನೊಂದು ವಾಹನದಿಂದ ಎಳೆಸುವುದಾದರೆ ಹಿಗ್ಗುವ ಪಟ್ಟಿಯನ್ನು ಚಾಸಿಗೆ ಭದ್ರವಾಗಿ ಕೂಡಿಸಿದ ಕೊಂಡಿಗೆ ಮಾತ್ರ ಕಟ್ಟಬೇಕು. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡಿಗೆ ಕಟ್ಟಿದರೆ ಅದು ಮುರಿದು ಫಿರಂಗಿ ಗುಂಡಿನಂತೆ ಹಾರುತ್ತದೆ. ಎಳೆಯುವಾಗ ಪಟ್ಟಿಯ ಉದ್ದಕ್ಕೂ ಯಾರೂ ನಿಲ್ಲಕೂಡದು.

ಒಳಗಿರುವಾಗ

ಜಾಡು ಬಿಟ್ಟು ಚಕ್ರ ಆಚೆ ಹೋಗಬಾರದೆಂಬ ನಿಯಮಕ್ಕೆ ಇಲ್ಲಿ ಎರಡು ಕಾರಣಗಳಿವೆ. ಮರುಭೂಮಿಯ ನೆಲದ ಮೇಲಿನ ಕಪ್ಪುಕಪ್ಪಾದ ಹೆಕ್ಕಳೆ ಜೀವಂತವಾದದ್ದು. ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಮಣ್ಣನ್ನು ಹಿಡಿದಿಟ್ಟಿರುವ ಆ ಪದರ ಒಮ್ಮೆ ಚಕ್ರಕ್ಕೆ ಸಿಕ್ಕರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಇನ್ನೊಂದು ಕಾರಣ ಇತಿಹಾಸದ್ದು. 1864ರ ಜನವರಿಯಲ್ಲಿ ಕಿಟ್ ಕಾರ್ಸನ್‌ನ ಕೈಕೆಳಗಿನ ಅಮೆರಿಕದ ಸೈನಿಕರು ಈ ಕಮರಿಯನ್ನು ಹಾಯ್ದುಹೋದರು. ಅದೇ ವರ್ಷ ಇಲ್ಲಿನ ಪೀಚ್ ತೋಟಗಳನ್ನು ಕಡಿದುಹಾಕಲಾಯಿತು. ಹಸಿವಿಗೆ ಸೋತ ಜನರನ್ನು 300 ಮೈಲಿಗೂ ಹೆಚ್ಚು ದೂರದ ನ್ಯೂ ಮೆಕ್ಸಿಕೊದ ಬೋಸ್ಕ್ ರೆಡೊಂಡೊ ಶಿಬಿರಕ್ಕೆ ನಡೆಸಿಕೊಂಡು ಹೋದರು. 1868ರ ಒಪ್ಪಂದದ ಮೇಲೆ ಅವರು ಹಿಂದಿರುಗಿ ಬಂದರು. ಜಾಡಿನ ಪಕ್ಕದ ಬೇಲಿಯೊಳಗೆ ಕಾಣುವ ಪೀಚ್ ಗಿಡಗಳ ಹತ್ತಿರ ವಾಹನವನ್ನು ನಿಧಾನಿಸಿ, ಧೂಳೆಬ್ಬಿಸದೆ ಹೋಗುವುದು ಇದನ್ನು ತಿಳಿದವರು ಕೊಡಬಹುದಾದ ಕನಿಷ್ಠ ಗೌರವ.

ಬಂಡೆಯ ಪೊಟರೆಗಳಲ್ಲಿ ಕಾಣುವ ಕಲ್ಲಿನ ಮನೆಗಳು ನವಾಹೊಗಳಿಗೂ ಮುಂಚೆ ಇಲ್ಲಿದ್ದ ಪುಯೆಬ್ಲೊ ಜನರ ಪೂರ್ವಿಕರವು. ಅವುಗಳೊಳಗೆ ಹೋಗುವಂತಿಲ್ಲ, ಕೆಳಗೆ ಬಿದ್ದ ಮಡಕೆಯ ಚೂರನ್ನು ಎತ್ತಿಕೊಳ್ಳುವಂತಿಲ್ಲ. ಅದು ಕಾನೂನಿನ ಪ್ರಕಾರವೂ ಅಪರಾಧ. ಜನರ, ಅವರ ಮನೆಗಳ ಫೋಟೊವನ್ನು ಕೇಳದೆ ತೆಗೆಯಬಾರದು. ಡ್ರೋನ್ ಹಾರಿಸುವಂತಿಲ್ಲ. ಒಳಗೆ ಆಭರಣ, ಚಿತ್ರಗಳನ್ನು ಮಾರಲು ಕುಳಿತವರಿಂದ ಏನಾದರೂ ಕೊಳ್ಳುವ ಮನಸ್ಸಿದ್ದರೆ ಕೈಯಲ್ಲಿ ನಗದು ಇರಲಿ. ಮಾರ್ಗದರ್ಶಕರು ಕೆಲವು ಬಂಡೆಗಳ ಕಥೆ ಹೇಳುತ್ತಾರೆ, ಕೆಲವನ್ನು ಹೇಳದೆ ಮುಂದೆ ಸಾಗುತ್ತಾರೆ. ಹೇಳದ್ದನ್ನು ಕೆದಕಿ ಕೇಳಬೇಡಿ.

ಹೊರಬಂದ ಮೇಲೆ

ಕಮರಿಯ ಬಾಯಿಗೆ ಬಂದು ಗಟ್ಟಿನೆಲ ಸಿಕ್ಕೊಡನೆ ನಾಲ್ಕು ಟೈರುಗಳಿಗೂ ಮೊದಲಿನಷ್ಟೇ ಗಾಳಿ ತುಂಬಿ, ನಾಲ್ಕು ಚಕ್ರಗಳ ಶಕ್ತಿಯನ್ನು ಕಳಚಿ ಎರಡಕ್ಕೆ ತನ್ನಿ. ಗಾಳಿ ಕಡಿಮೆಯಿರುವ ಟೈರು ಹೆದ್ದಾರಿಯ ವೇಗದಲ್ಲಿ ಕಾದು ಸಿಡಿಯಬಹುದು. ಗಾಡಿಯಡಿ ಬಗ್ಗಿ, ಅಚ್ಚಿಗೆ ಸುತ್ತಿಕೊಂಡ ಒಣಕಡ್ಡಿಗಳನ್ನು ತೆಗೆಯಿರಿ, ಬಿಸಿಯಾದ ಹೊಗೆಕೊಳವೆಗೆ ತಾಗಿ ಅವು ಹೊತ್ತಿಕೊಳ್ಳುವುದುಂಟು. ಕತ್ತಲಾಗುವ ಮೊದಲೇ ತಂಗುವ ಊರನ್ನು ಸೇರುವಂತೆ ಹೊರಡಿ. ನವಾಹೊ ನೆಲದ ಹೆದ್ದಾರಿಗಳ ಎಷ್ಟೋ ಕಡೆ ದನಕುದುರೆಗಳು ಬೇಲಿಯಿಲ್ಲದೆ ಮೇಯುತ್ತವೆ. ಕಪ್ಪು ಕುದುರೆಯೊಂದು ಕಪ್ಪು ಟಾರಿನ ಮೇಲೆ ನಿಂತಿದ್ದರೆ ದೀಪದ ಬೆಳಕಿಗೆ ಅದು ಕಾಣುವ ಹೊತ್ತಿಗೆ ನಿಲ್ಲಿಸಲು ಜಾಗ ಉಳಿದಿರುವುದಿಲ್ಲ.